ಕಲ್ಲಾದ ಎಲುಬುಗಳ ಕುಲನಿರ್ಣಯ

(ಕಾರವಾರ ತಾಲೂಕಿನ ಚೆಂಡಿಯಾದಲ್ಲಿ ನೆರೆದ ಸಭೆಯಲ್ಲಿ ಮಾಡಿದ ಭಾಷಣ)



ಒಂದು ಪಕ್ಕದಲ್ಲಿ ಸಹ್ಯಾದ್ರಿಯ ಗೋಡೆ, ಇನ್ನೊಂದು ಪಕ್ಕದಲ್ಲಿ ಕಡಲು, ನಡುವೆ ಗದ್ದೆ ತೋಟಗಳ ಕಿರಿದಾದ ಪಟ್ಟಿ. ಇಂತಹ ಚೆಂಡಿಯಾದಲ್ಲಿ ನಿಂತು ಕೋಟ್ಯವಧಿ ವರ್ಷಗಳ ಹಿಂದಿನ ಡೈನೋಸಾರುಗಳ ಮಾತನ್ನೆತ್ತುವುದು ಕೆಲವರಿಗೆ ವಿಚಿತ್ರವಾಗಿ ತೋರಬಹುದು. ನಾಡುನುಡಿಗಳ ಸಭೆಯಲ್ಲಿ ಬನವಾಸಿಯ ಕದಂಬರನ್ನೋ ಬಾದಾಮಿಯ ಚಾಲುಕ್ಯರನ್ನೋ ಕುರಿತು ಮಾತನಾಡುವುದು ರೂಢಿ. ಆದರೆ ಕದಂಬರು ಆಳುವುದಕ್ಕೆ ಮೊದಲೂ ಈ ನೆಲವಿದ್ದಿತು. ಆ ನೆಲದ ಕಥೆಯೂ ನಮ್ಮದೇ. ಶಾಸನವನ್ನು ಓದಬಲ್ಲ ಜನಾಂಗವು ಆ ಶಾಸನವನ್ನು ಕೊರೆದ ಕಲ್ಲನ್ನೂ ಓದಬಲ್ಲುದಾದರೆ ಮಾತ್ರ ಅದರ ವಿದ್ಯೆ ಪೂರ್ಣವಾಗುವುದು.

ಇಂದಿನ ನಮ್ಮ ಮಾತಿನಲ್ಲಿ ಮೂರು ಪ್ರಶ್ನೆಗಳಿವೆ. ಈ ಮಹಾಪ್ರಾಣಿಗಳ ಎಲುಬುಗಳು ಕನ್ನಡ ನಾಡಿನ ಕಲ್ಲುಗಳಲ್ಲೇಕೆ ಕಾಣಿಸುವುದಿಲ್ಲ? ನಮ್ಮ ನೆರೆಯಲ್ಲೇ ದೊರೆತಿದ್ದರೂ ನಮ್ಮ ಮಕ್ಕಳು ಹೆಸರನ್ನು ಕೂಡ ಕೇಳದಿರುವ ಪ್ರಾಣಿಗಳಾವುವು? ಮುರಿದ ಎಲುಬೊಂದನ್ನು ಹಿಡಿದು ಅದು ಇಂತಹ ಕುಲಕ್ಕೆ ಸೇರಿದುದೆಂದು ವಿದ್ವಾಂಸರು ನಿರ್ಣಯಿಸುವ ಬಗೆ ಯಾವುದು? ಈ ಮೂರರಲ್ಲಿ ಕೊನೆಯದೇ ಮುಖ್ಯವಾದುದು. ಏಕೆಂದರೆ ಅದರಲ್ಲಿ ಎಲುಬಿಗೆ ಮಾತ್ರವಲ್ಲ, ನಾಡನ್ನು ಕುರಿತು ವಿಚಾರಮಾಡುವವರಿಗೂ ಬೇಕಾದ ಒಂದು ನೀತಿಯಿದೆ.

ನಮ್ಮ ನೆಲದ ಕಲ್ಲು

ಮೊದಲು ಪಳೆಯುಳಿಕೆಯೆಂದರೇನೆಂಬುದನ್ನು ನೋಡೋಣ. ಸತ್ತ ಪ್ರಾಣಿಯ ಮಾಂಸವು ಕೊಳೆತುಹೋಗುವುದು. ಎಲುಬು, ಹಲ್ಲು, ಚಿಪ್ಪುಗಳು ಉಳಿಯುವುವು. ಹೊಳೆಯ ಕೆಸರಾಗಲಿ ಕಡಲಿನ ಮರಳಾಗಲಿ ಬೇಗನೆ ಅವುಗಳನ್ನು ಮುಚ್ಚಿದರೆ, ಪದರದ ಮೇಲೆ ಪದರ ಬಿದ್ದು, ಆ ಕೆಸರು ಕಲ್ಲಾಗುವಾಗ ಒಳಗಿನ ಎಲುಬೂ ನೀರಿನಲ್ಲಿ ಕರಗಿದ ಖನಿಜಗಳನ್ನು ಹೀರಿ ಕಲ್ಲಾಗುವುದು. ನಮ್ಮ ಜಿಲ್ಲೆಯ ಅಘನಾಶಿನಿ ಅಳಿವೆಯಲ್ಲಿ ಸತ್ತ ಚಿಪ್ಪುಗಳ ರಾಶಿ ರಾಶಿಯೇ ಕೆಸರಿನಡಿಯಲ್ಲಿ ಹುದುಗಿರುವುದನ್ನು ತಾವು ಬಲ್ಲಿರಿ. ಸುಣ್ಣಕ್ಕಾಗಿ ಅವನ್ನು ತೆಗೆದುದುಂಟು. ಪಳೆಯುಳಿಕೆಯ ಮೊದಲ ಮೆಟ್ಟಿಲು ಅದೇ. ಅಂದಮೇಲೆ ಎಲುಬು ಉಳಿಯಬೇಕಾದರೆ ಎರಡು ಅನುಕೂಲಗಳು ಬೇಕು: ಪ್ರಾಣಿಯಿದ್ದ ಕಾಲದಲ್ಲಿಯೇ ಅಲ್ಲಿ ಮಣ್ಣು ಶೇಖರವಾಗಬೇಕು, ಆ ಮಣ್ಣಿನ ಪದರ ಇಂದಿನವರೆಗೆ ಸವೆಯದೆ ಉಳಿಯಬೇಕು.

ಕಾರವಾರ ಸೀಮೆಯಲ್ಲಿ ಈ ಅನುಕೂಲಗಳಿಲ್ಲ. ಇಲ್ಲಿಯ ತಳಗಲ್ಲುಗಳು 300 ಕೋಟಿ ವರ್ಷಗಳಿಗೂ ಹಳೆಯವು. ಡೈನೋಸಾರುಗಳು ಭೂಮಿಯ ಮೇಲೆ ಕಾಣಿಸಿಕೊಂಡುದು ಸುಮಾರು 23 ಕೋಟಿ ವರ್ಷಗಳ ಹಿಂದೆ. ಹಕ್ಕಿಗಳ ವಂಶವೊಂದನ್ನುಳಿದು ಅವು ಅಳಿದುದು 6.6 ಕೋಟಿ ವರ್ಷಗಳ ಹಿಂದೆ. ಮುತ್ತಜ್ಜನ ಕಾಲದ ಗೋಡೆಯೊಳಗೆ ಮೊಮ್ಮಗನ ಆಟಿಕೆಯನ್ನು ಹುಡುಕಿದರೆ ಸಿಕ್ಕೀತೇ? ಮೇಲಣ ಚಿರೆಕಲ್ಲಾದರೋ ಮಳೆ ಬಿಸಿಲುಗಳಿಂದ ಹಳೆಯ ಶಿಲೆಯು ಕೊಳೆತು ಆದುದು; ಅದು ಎಲುಬನ್ನು ಕಾಪಾಡುವ ಮಣ್ಣಲ್ಲ, ತಿನ್ನುವ ಮಣ್ಣು. ಘಟ್ಟದ ಮೇಲೆ ಹಬ್ಬಿರುವ ಶಿಲಾಸಮೂಹಕ್ಕೆ ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂಗರ್ಭಶಾಸ್ತ್ರಜ್ಞನು ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡದ ಹೆಸರನ್ನಿಟ್ಟನು. ಇಂದು ಜಗತ್ತಿನ ಯಾವ ಮೂಲೆಯ ಭೂಗರ್ಭಶಾಸ್ತ್ರಿಯೂ 'ಧಾರವಾಡ' ಎಂಬ ಮಾತನ್ನರಿಯದಿರಲಾರನು. ಆ ಶಿಲೆಗಳೂ ಡೈನೋಸಾರುಗಳಿಗಿಂತ ಹತ್ತು ಪಟ್ಟು ಹಳೆಯವು. ಬಾಗಲಕೋಟೆಯ ಕಡೆಯ ಕಲಾದಗಿ ಪದರಗಳಲ್ಲಿ ಜೀವದ ಗುರುತುಗಳಿವೆ; ಆದರೆ ಅವು ಎಲುಬಿನವಲ್ಲ. ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಆಳವಿಲ್ಲದ ನೀರಿನಲ್ಲಿ ಹಾಸುಹಾಸಾಗಿ ಬೆಳೆದು ಬಿಟ್ಟುಹೋದ ಪದರಗಲ್ಲುಗಳವು. ಅವುಗಳ ಮುಂದೆ ಡೈನೋಸಾರುಗಳೇ ನಿನ್ನೆ ಮೊನ್ನೆಯ ಮಕ್ಕಳು.

ಹಾಗಾದರೆ ಡೈನೋಸಾರುಗಳ ಕಾಲದ ಕಲ್ಲು ನಮ್ಮ ನಾಡಿನಲ್ಲಿ ಇಲ್ಲವೇ ಇಲ್ಲವೋ? ಇದೆ. ಬೆಳಗಾವಿ, ವಿಜಾಪುರ, ಕಲಬುರ್ಗಿ, ಬೀದರ ಸೀಮೆಗಳನ್ನು ಮುಚ್ಚಿರುವ ಕರಿಕಲ್ಲು ಲಾವಾರಸವು ಹೆಪ್ಪುಗಟ್ಟಿ ಆದುದು. ಅದು ಹರಿದುದು ಡೈನೋಸಾರುಗಳ ಅಂತ್ಯಕಾಲದಲ್ಲಿ, 6.6 ಕೋಟಿ ವರ್ಷಗಳ ಆಚೀಚೆಗೆ. ಲಾವಾದ ಒಂದು ಹರಿವಿಗೂ ಮತ್ತೊಂದಕ್ಕೂ ನಡುವಿನ ಬಿಡುವಿನಲ್ಲಿ ಕೆರೆಗಳು ಉಂಟಾದುವು. ಯಾದಗಿರಿ ಜಿಲ್ಲೆಯ ಗುರುಮಠಕಲ್ಲಿನ ಬಳಿ ಅಂತಹ ಕೆರೆಮಣ್ಣಿನ ಪದರಗಳಲ್ಲಿ ಸಾಸಿವೆಗಿಂತ ಕಿರಿದಾದ ಚಿಪ್ಪುಜೀವಿಗಳೂ ನೀರುಸಸ್ಯಗಳ ಬೀಜದಂತಹ ಅವಶೇಷಗಳೂ ದೊರೆತಿವೆ. ಇನ್ನು ಉಡುಪಿಯ ಮಲ್ಪೆಯ ಎದುರಿಗಿರುವ ಸೇಂಟ್ ಮೇರೀಸ್ ದ್ವೀಪಗಳ ಕಂಬಗಲ್ಲುಗಳು ಸುಮಾರು 9 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ ದ್ವೀಪವು ನಮ್ಮ ಈ ಪಶ್ಚಿಮ ತೀರದಿಂದ ಬೇರ್ಪಟ್ಟ ಕಾಲದ ಅಗ್ನಿಶಿಲೆಗಳು. ಆ ಮೊದಲು ಚೆಂಡಿಯಾದ ಪಡುವಣಕ್ಕೆ ಕಡಲಿರಲಿಲ್ಲ, ನೆಲವಿದ್ದಿತು. ಡೈನೋಸಾರುಗಳು ಅತ್ತಣಿಂದಿತ್ತ ನಡೆದಾಡಬಹುದಾಗಿದ್ದ ನೆಲ! ಗುಜರಾತಿನ ರಹಿಯೋಲಿಯಲ್ಲಿ 1982ರಿಂದ 1984ರವರೆಗೆ ಅಗೆದು ತೆಗೆದ ಎಲುಬುಗಳಿಂದ 2003ರಲ್ಲಿ ಹೆಸರಿಡಲ್ಪಟ್ಟ 'ರಾಜಾಸಾರಸ್ ನರ್ಮದೆನ್ಸಿಸ್' ಎಂಬ ಮಾಂಸಾಹಾರಿಯು ಮಡಗಾಸ್ಕರದ 'ಮಜುಂಗಾಸಾರಸ್' ಎಂಬ ಪ್ರಾಣಿಯ ಹತ್ತಿರದ ಬಂಧುವೆಂಬುದಕ್ಕೆ ಕಾರಣವು ಈ ನೆಲದ ನಂಟೇ ಆಗಿದೆ.

ಇನ್ನೊಂದು ಮಾತು. ನಮ್ಮ ಜಿಲ್ಲೆಯ ಎಷ್ಟೋ ಮನೆಗಳ ದೇವರ ಪೆಟ್ಟಿಗೆಯಲ್ಲಿ ಸಾಲಿಗ್ರಾಮವಿದೆ. ಗಂಡಕೀ ನದಿಯ ಆ ಕರಿಯ ಕಲ್ಲಿನೊಳಗಿನ ಚಕ್ರವು, ಹಿಮಾಲಯವೇಳುವ ಮೊದಲು ಅಲ್ಲಿದ್ದ ಕಡಲಿನಲ್ಲಿ ಈಸುತ್ತಿದ್ದ ಅಮೋನೈಟ್ ಎಂಬ ಜೀವಿಯ ಸುರುಳಿಚಿಪ್ಪು. ಅದು ಡೈನೋಸಾರುಗಳ ಸಮಕಾಲೀನ. ಮಧ್ಯಪ್ರದೇಶದ ಧಾರ ಜಿಲ್ಲೆಯ ಪಾಡಲ್ಯಾ ಗ್ರಾಮದವರು ಕುಲದೈವವೆಂದು ಪೂಜಿಸುತ್ತಿದ್ದ ದುಂಡುಕಲ್ಲುಗಳು ಡೈನೋಸಾರಿನ ಮೊಟ್ಟೆಗಳೆಂದು 2023ರಲ್ಲಿ ತಿಳಿದುಬಂದಿತು. ಭಕ್ತಿಗೂ ಶಾಸ್ತ್ರಕ್ಕೂ ಇಲ್ಲಿ ಜಗಳವೇನಿಲ್ಲ. ಭಕ್ತಿಯು ಆ ಕಲ್ಲುಗಳನ್ನು ಕಾಪಾಡಿತು. ಶಾಸ್ತ್ರವು ಅವುಗಳ ವಯಸ್ಸನ್ನು ಹೇಳಿತು.

ಕಾವೇರಿಗೂ ಗೋದಾವರಿಗೂ

ಕ್ರಿಸ್ತಶಕ ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಕನ್ನಡ ನಾಡಿನ ಎಲ್ಲೆಯನ್ನು ಕಾವೇರಿ ಗೋದಾವರಿಗಳ ನಡುವೆ ಗುರುತಿಸಿರುವುದನ್ನು ಕನ್ನಡಿಗರಾರೂ ಮರೆತಿಲ್ಲ. ದಕ್ಷಿಣ ಭಾರತದ ಡೈನೋಸಾರುಗಳ ಮುಖ್ಯ ನಿಧಿಗಳೂ ಈ ಎರಡು ನದಿಗಳ ಬಯಲುಗಳಲ್ಲಿಯೇ ಇರುವುದು ಆಶ್ಚರ್ಯದ ಸಂಗತಿ. ಆ ಸ್ಥಳಗಳು ತಮಿಳರ ಮತ್ತು ತೆಲುಗರ ಸೀಮೆಯಲ್ಲಿವೆ; ಅವು ನಮ್ಮವೆಂದು ಹೇಳಿಕೊಳ್ಳುವುದು ನಮ್ಮ ಉದ್ದೇಶವಲ್ಲ. ನೆರೆಮನೆಯ ಹೆಮ್ಮೆಯನ್ನು ನೆರೆಮನೆಯವರಂತೆಯೇ ಮೆಚ್ಚೋಣ.

ಗೋದಾವರಿಯ ಕಡೆಯಿಂದ ಆರಂಭಿಸೋಣ. ಅಲ್ಲಿಯ ಕೋಟಾ ಪದರಗಳು ಜುರಾಸಿಕ್ ಯುಗದವು. ಕಲಕತ್ತೆಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ವಿದ್ವಾಂಸರು 1958ರಿಂದ ಕೆಲವು ವರ್ಷ ಅಲ್ಲಿ ಅಗೆದು ಸುಮಾರು 300 ಎಲುಬುಗಳನ್ನು ಹೊರತೆಗೆದರು. ಕನಿಷ್ಠ ಆರು ಪ್ರಾಣಿಗಳ ಎಲುಬುಗಳು ಅಲ್ಲಿ ಬೆರೆತುಹೋಗಿದ್ದುವು. ತೊಡೆಯೆಲುಬೊಂದೇ 1.7 ಮೀಟರು, ಎಂದರೆ ಎತ್ತರದ ಆಳೊಬ್ಬನಷ್ಟು ಉದ್ದ! ಅಗೆತದ ಕಾಲವು ಕವೀಂದ್ರ ರವೀಂದ್ರನಾಥ ಠಾಕೂರರ ಜನ್ಮಶತಾಬ್ದಿಯ ವರ್ಷವನ್ನೊಳಗೊಂಡಿದ್ದುದರಿಂದ, ಸೋಹನ್ ಲಾಲ್ ಜೈನ್ ಮೊದಲಾದವರು 1975ರಲ್ಲಿ ಈ ಪ್ರಾಣಿಗೆ 'ಬರಪಾಸಾರಸ್ ಟಾಗೋರೈ' ಎಂದು ಹೆಸರಿಟ್ಟರು. 'ಬರ ಪಾ' ಎಂದರೆ ಬಂಗಾಳಿಯಲ್ಲಿ ದೊಡ್ಡ ಕಾಲು. ಸುಮಾರು 14 ಮೀಟರು ಉದ್ದದ ಈ ಸಸ್ಯಾಹಾರಿಯ ಅಸ್ಥಿಪಂಜರವು ಆ ಸಂಸ್ಥೆಯಲ್ಲಿ ನಿಂತಿದೆ.

ಕಾರವಾರದವರಿಗೆ ಈ ಹೆಸರು ದೂರದ್ದಲ್ಲ. ರವೀಂದ್ರರ ಅಣ್ಣಂದಿರಾದ ಸತ್ಯೇಂದ್ರನಾಥ ಠಾಕೂರರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ, 1883ರಲ್ಲಿ ತರುಣ ಕವಿಯು ಇಲ್ಲಿಗೆ ಬಂದು ತಂಗಿದ್ದರು. 'ಪ್ರಕೃತಿರ್ ಪ್ರತಿಶೋಧ್' ಎಂಬ ನಾಟಕವನ್ನು ಬರೆದುದು ಈ ಕಡಲ ದಂಡೆಯಲ್ಲಿಯೇ. ಕಾರವಾರದ ದಂಡೆಗೆ ಅವರ ಹೆಸರಿದೆ; ಗೋದಾವರಿಯ ಮಹಾಪ್ರಾಣಿಗೂ ಅವರ ಹೆಸರಿದೆ. ಇಲ್ಲಿಯ ವಿದ್ಯಾರ್ಥಿಯು ಬೇರೆ ದೇಶಗಳ ಡೈನೋಸಾರುಗಳ ಹೆಸರನ್ನು ಬಾಯಿಪಾಠ ಮಾಡಿ ಈ ಒಂದನ್ನು ಅರಿಯದಿರುವುದು ಸರಿಯೇ? ಅದೇ ಕೋಟಾ ಪದರಗಳಿಂದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಯಾದಗಿರಿಯವರು 1988ರಲ್ಲಿ ವರ್ಣಿಸಿದ 'ಕೋಟಾಸಾರಸ್ ಯಮನಪಲ್ಲಿಯೆನ್ಸಿಸ್' ಎಂಬ ಇನ್ನೊಂದು ಸಸ್ಯಾಹಾರಿಯ ಪಂಜರವು ಹೈದರಾಬಾದಿನ ಬಿರ್ಲಾ ವಿಜ್ಞಾನ ಸಂಗ್ರಹಾಲಯದಲ್ಲಿದೆ. ನಮ್ಮ ನಾಡಿನಿಂದ ಒಂದು ರಾತ್ರಿಯ ಪ್ರಯಾಣವಷ್ಟೆ.

ಇನ್ನು ಕೊಡಗಿನಲ್ಲಿ ಹುಟ್ಟಿ ಹರಿಯುವ ಕಾವೇರಿಯ ಕೆಳಬಯಲಿಗೆ ಬರೋಣ. ತಮಿಳುನಾಡಿನ ಅರಿಯಲೂರಿನ ಸುತ್ತಮುತ್ತ ಕ್ರಿಟೇಶಿಯಸ್ ಯುಗದ ಕಡಲಿನ ಪದರಗಳೂ ಅದರ ಕೊನೆಗಾಲದ ಹೊಳೆಮಣ್ಣಿನ ಪದರಗಳೂ ಇವೆ. ಅಲ್ಲಿಯ ಕಲ್ಲಮೇಡು ಎಂಬಲ್ಲಿ ದೊರೆತ ಭಾರಿ ಎಲುಬುಗಳನ್ನು ಯಾದಗಿರಿ ಮತ್ತು ಅಯ್ಯಾಸಾಮಿಯವರು 1987ರಲ್ಲಿ ವರ್ಣಿಸಿ 'ಬೃಹತ್ಕಾಯಸಾರಸ್ ಮ್ಯಾಟ್ಲಿಯೈ' ಎಂದು ಹೆಸರಿಟ್ಟರು. ಹೆಸರಿನ ಮೊದಲ ಭಾಗವನ್ನು ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮೊಣಕಾಲಿನ ಕೆಳಗಣ ಎಲುಬೊಂದೇ 2 ಮೀಟರು ಉದ್ದವೆಂದು ಅವರು ಬರೆದರು. ಅದು ನಿಜವಾದಲ್ಲಿ ಭೂಮಿಯ ಮೇಲೆ ನಡೆದಾಡಿದ ಪ್ರಾಣಿಗಳಲ್ಲಿ ಅದಕ್ಕೆ ಸಮಾನವಾದುದು ವಿರಳ. ಅವರು ಮೊದಲು ಅದನ್ನು ಮಾಂಸಾಹಾರಿಗಳ ಸಾಲಿನಲ್ಲಿರಿಸಿದರು; ಮುಂದೆ ಇತರರು ಅದು ಉದ್ದಕತ್ತಿನ ಸಸ್ಯಾಹಾರಿಯೆಂದರು; ಅದು ಎಲುಬೇ ಅಲ್ಲ, ಕಲ್ಲಾದ ಮರವಿರಬೇಕೆಂದು ಸಂಶಯಪಟ್ಟವರೂ ಇದ್ದರು. ಇಂದು ಈ ವಾದವನ್ನು ಎಲುಬನ್ನೇ ಮುಂದಿಟ್ಟುಕೊಂಡು ತೀರಿಸಲು ಬರುವಂತಿಲ್ಲ. ಏಕೆಂದರೆ ಶಿಥಿಲವಾಗಿದ್ದ ಆ ಎಲುಬುಗಳು ಪುಡಿಪುಡಿಯಾಗಿ ಹೋದುವು! ರೇಖಾಚಿತ್ರಗಳೂ ಕೆಲವು ಛಾಯಾಚಿತ್ರಗಳೂ ಮಾತ್ರ ಉಳಿದಿವೆ. ಆರೂವರೆ ಕೋಟಿ ವರ್ಷಗಳ ಕಾಲ ಭೂಮಿಯು ಕಾದಿರಿಸಿಕೊಟ್ಟುದು ನಮ್ಮ ಕೈಗೆ ಬಂದ ಕೆಲವೇ ವರ್ಷಗಳಲ್ಲಿ ಮಣ್ಣಾಯಿತು. ಇದಕ್ಕಿಂತ ದುಃಖಕರವಾದ ಪಾಠವು ಬೇರೆ ಬೇಕಿಲ್ಲ.

ಅರಿಯಲೂರಿನ ಇನ್ನೊಂದು ಪ್ರಾಣಿಯಾದ 'ದ್ರಾವಿಡೋಸಾರಸ್ ಬ್ಲಾನ್‌ಫೋರ್ಡಿ'ಯ ಕಥೆಯೂ ಬೋಧಪ್ರದವಾಗಿದೆ. 1979ರಲ್ಲಿ ಅದನ್ನು ಬೆನ್ನಿನ ಮೇಲೆ ಫಲಕಗಳ ಸಾಲುಳ್ಳ ಸ್ಟೆಗೋಸಾರ್ ಪಂಗಡಕ್ಕೆ ಸೇರಿಸಿದರು. 1996ರಲ್ಲಿ ಬೇರೆ ವಿದ್ವಾಂಸರು, ಇದು ಡೈನೋಸಾರೇ ಅಲ್ಲ, ಕಡಲಿನಲ್ಲಿ ಈಸುತ್ತಿದ್ದ ಪ್ಲೀಸಿಯೋಸಾರ್ ಎಂಬ ಸರೀಸೃಪದ ಎಲುಬುಗಳು ಎಂದರು. 2017ರಲ್ಲಿ ಮತ್ತೆ ಸ್ಟೆಗೋಸಾರ್ ಪಕ್ಷಕ್ಕೆ ಬೆಂಬಲ ದೊರೆಯಿತು. ನೆಲದಲ್ಲಿ ನಡೆದುದೋ ನೀರಿನಲ್ಲಿ ಈಸಿದುದೋ ಎಂಬಷ್ಟು ದೊಡ್ಡ ಭೇದ! ಇಂತಹ ಭೇದವನ್ನು ಯಾವ ಪ್ರಮಾಣದಿಂದ ತೀರ್ಮಾನಿಸಬೇಕು?

ಕುಲನಿರ್ಣಯದ ಕ್ರಮ

'ಡೈನೋಸಾರ್' ಎಂಬ ಹೆಸರನ್ನು ಇಂಗ್ಲೆಂಡಿನ ರಿಚರ್ಡ್ ಓವೆನ್ನನು 1842ರಲ್ಲಿ ಸೃಷ್ಟಿಸಿದನು. ಗ್ರೀಕಿನಲ್ಲಿ ಅದಕ್ಕೆ 'ಭಯಂಕರ ಹಲ್ಲಿ' ಎಂದು ಅರ್ಥ. ಆದರೆ ಹಳೆಯ ಕಾಲದ ದೊಡ್ಡ ಸರೀಸೃಪಗಳೆಲ್ಲವೂ ಡೈನೋಸಾರುಗಳಲ್ಲ. ಆಕಾಶದಲ್ಲಿ ಹಾರುತ್ತಿದ್ದ ಟೆರೋಸಾರ್, ಮೀನಿನಂತಿದ್ದ ಇಕ್ತಿಯೋಸಾರ್, ಈಗ ಹೇಳಿದ ಪ್ಲೀಸಿಯೋಸಾರ್ ಇವು ಬೇರೆ ಬೇರೆ ಕುಲಗಳು. ಗಾತ್ರವೂ ಕುಲಲಕ್ಷಣವಲ್ಲ; ಕೋಳಿಯಷ್ಟು ಚಿಕ್ಕ ಡೈನೋಸಾರುಗಳೂ ಇದ್ದುವು. ಲಕ್ಷಣವಿರುವುದು ಸೊಂಟದಲ್ಲಿ. ಹಲ್ಲಿ, ಮೊಸಳೆಗಳ ಕಾಲುಗಳು ಪಕ್ಕಕ್ಕೆ ಚಾಚಿರುವುವು. ಡೈನೋಸಾರಿನ ಕಾಲುಗಳು ಕಂಬದಂತೆ ದೇಹದ ಕೆಳಗೆ ನೇರವಾಗಿ ನಿಂತಿರುವುವು. ಇದಕ್ಕೆ ತಕ್ಕಂತೆ ತೊಡೆಯೆಲುಬಿನ ತಲೆಯು ಕೂಡುವ ಸೊಂಟದ ಕುಳಿಯು ಬಟ್ಟಲಿನಂತೆ ಮುಚ್ಚಿರದೆ ಬಳೆಯಂತೆ ತೂತಾಗಿರುವುದು. 1887ರಲ್ಲಿ ಹ್ಯಾರಿ ಸೀಲಿಯೆಂಬವನು ಸೊಂಟದ ಮುಂದಣ ಎಲುಬಿನ ದಿಕ್ಕನ್ನು ನೋಡಿ, ಅದು ಮುಂದಕ್ಕೆ ಚಾಚಿದ್ದರೆ ಹಲ್ಲಿಸೊಂಟದವು, ಹಿಂದಕ್ಕೆ ತಿರುಗಿದ್ದರೆ ಹಕ್ಕಿಸೊಂಟದವು ಎಂದು ಎರಡು ಗಣಗಳನ್ನು ಮಾಡಿದನು. ಬರಪಾಸಾರಸ್ಸೂ ರಾಜಾಸಾರಸ್ಸೂ ಮೊದಲನೆಯ ಗಣದವು, ಸ್ಟೆಗೋಸಾರ್ ಎರಡನೆಯದು. ಇದರಲ್ಲಿ ವಿನೋದವೇನೆಂದರೆ, ಇಂದಿನ ಹಕ್ಕಿಗಳು ಹುಟ್ಟಿಬಂದುದು ಹಕ್ಕಿಸೊಂಟದ ಗಣದಿಂದಲ್ಲ, ಹಲ್ಲಿಸೊಂಟದ ಗಣದಿಂದ!

ಹೋಲಿಕೆಯು ಬಂಧುತ್ವವಲ್ಲವೆಂಬುದಕ್ಕೆ ಇದೇ ಮೊದಲನೆಯ ಸಾಕ್ಷಿ. ಈ ತತ್ತ್ವವನ್ನು ಶಾಸ್ತ್ರಬದ್ಧವಾಗಿ 1950ರಲ್ಲಿ ಪ್ರತಿಪಾದಿಸಿದವನು ಜರ್ಮನಿಯ ವಿಲ್ಲಿ ಹೆನ್ನಿಗ್. ಎರಡು ಪ್ರಾಣಿಗಳು ಒಂದೇ ಕುಲದವೆನ್ನಬೇಕಾದರೆ ಅವುಗಳಲ್ಲಿ ಯಾವುದೋ ಒಂದು ಹೋಲಿಕೆಯಿದ್ದರೆ ಸಾಲದು. ಸಮೀಪದ ಪೂರ್ವಜನೊಬ್ಬನಲ್ಲಿ ಹೊಸದಾಗಿ ಮೂಡಿ, ಅವನಿಂದ ಇಬ್ಬರಿಗೂ ಬಳುವಳಿಯಾಗಿ ಬಂದ ಲಕ್ಷಣವಿರಬೇಕು. ಎಲ್ಲರಿಗೂ ಸಾಮಾನ್ಯವಾದ ಹಳೆಯ ಲಕ್ಷಣವು ಪ್ರಯೋಜನವಿಲ್ಲ. ಒಂದೇ ಬಗೆಯ ಜೀವನದಿಂದ ಬೇರೆ ಬೇರೆಯಾಗಿ ಬಂದ ಲಕ್ಷಣವೂ ಪ್ರಯೋಜನವಿಲ್ಲ.

ಇದನ್ನು ತಿಳಿಯಲು ಚೆಂಡಿಯಾದವರಿಗೆ ಎಲುಬೇ ಬೇಕಾಗಿಲ್ಲ. ಇಲ್ಲಿಯ ಹಲವು ಮನೆಗಳಲ್ಲಿ ಕೊಂಕಣಿಯನ್ನಾಡುವರು, ಶಾಲೆಯಲ್ಲಿ ಕನ್ನಡವನ್ನೋದುವರು. ಬಹುಕಾಲದ ಒಡನಾಟದಿಂದ ಇವೆರಡರಲ್ಲಿಯೂ ಸಾಮಾನ್ಯವಾದ ಮಾತುಗಳು ಬಹಳ. ಆದರೆ ಒಂದು, ಎರಡು, ಮೂರು ಎಂದು ಎಣಿಸಿ ನೋಡಿರಿ. ಕೊಂಕಣಿಯಲ್ಲಿ ಏಕ್, ದೋನ್, ತೀನ್. ದೂರದ ತುಳುವಿನಲ್ಲಿ ಒಂಜಿ, ರಡ್ಡ್, ಮೂಜಿ. ತುಳುವು ಕನ್ನಡದ ಒಡಹುಟ್ಟು. ಕೊಂಕಣಿಯು ಆರ್ಯವಂಶದ್ದು, ಕನ್ನಡದ ನೆರೆಮನೆಯ ಗೆಳತಿ. ಅಂಗಡಿಬೀದಿಯಲ್ಲಿ ಸಾಲ ಪಡೆದ ಮಾತುಗಳಿಂದ ಕುಲವು ತಿಳಿಯುವುದಿಲ್ಲ; ಬಳುವಳಿಯಾಗಿ ಬಂದ ಮಾತುಗಳಿಂದ ತಿಳಿಯುವುದು. ಭಾಷೆಗಿರುವ ಈ ನ್ಯಾಯವೇ ಎಲುಬಿಗೂ ಇದೆ.

ನಮ್ಮ ದೇಶದ್ದೇ ಎರಡು ಉದಾಹರಣೆಗಳು. ಮಧ್ಯಪ್ರದೇಶದ ಸಾತಪುಡಾ ಸೀಮೆಯ ಡೆನ್ವಾ ಪದರಗಳಿಂದ 2017ರಲ್ಲಿ 'ಶೃಂಗಸಾರಸ್ ಇಂಡಿಕಸ್' ಎಂಬುದನ್ನು ವರ್ಣಿಸಿದರು. ಮೂರು ನಾಲ್ಕು ಮೀಟರು ಉದ್ದದ ಈ ಸಸ್ಯಾಹಾರಿಗೆ ಹಣೆಯ ಮೇಲೆ ಎರಡು ಕೊಂಬುಗಳು, ನೀಳವಾದ ಕತ್ತು. ಕೊಂಬನ್ನು ನೋಡಿದರೆ ಅಮೆರಿಕೆಯ ಟ್ರೈಸೆರಟಾಪ್ಸ್ ನೆನಪಾಗುವುದು, ಕತ್ತನ್ನು ನೋಡಿದರೆ ಬರಪಾಸಾರಸ್ ನೆನಪಾಗುವುದು. ಆದರೆ ಅದು ಎರಡಕ್ಕೂ ಬಂಧುವಲ್ಲ, ಡೈನೋಸಾರೂ ಅಲ್ಲ. ಅವುಗಳಿಗಿಂತ ಮೊದಲೇ ಬೇರೆಯಾದ ಶಾಖೆಯದು. ಇನ್ನೊಂದು, ಗೋದಾವರೀ ಕಣಿವೆಯ ಮಾಲೇರಿ ಪದರಗಳ 'ಪ್ಯಾರಾಸೂಕಸ್ ಹಿಸ್ಲೋಪಿ'. ಅದನ್ನು ಕಂಡವರಾರೂ ಮೊಸಳೆಯೆಂದೇ ಹೇಳುವರು. ಆದರೆ ದಾಂಡೇಲಿಯ ಬಳಿ ಕಾಳಿ ಹೊಳೆಯ ಮೊಸಳೆಗೆ ಮೂಗಿನ ಹೊಳ್ಳೆಗಳು ಮೂತಿಯ ತುದಿಯಲ್ಲಿವೆ. ಪ್ಯಾರಾಸೂಕಸ್ಸಿಗೆ ಕಣ್ಣುಗಳ ಮುಂದೆಯೇ ಇದ್ದುವು. ಹೊಳೆಯಲ್ಲಿ ಹೊಂಚಿ ಹಿಡಿಯುವ ಕಸುಬು ಒಂದೇ ಆದುದರಿಂದ ರೂಪವೂ ಒಂದೇ ಆಯಿತು; ಕುಲ ಬೇರೆಯೇ ಉಳಿಯಿತು. ನಮ್ಮ ದಂಡೆಗೆ ಮೊಟ್ಟೆಯಿಡಲು ಬರುವ ಕಡಲಾಮೆಯನ್ನೂ ಹೀಗೆಯೇ ವಿಚಾರಿಸಬೇಕು. ಅದರ ತಲೆಬುರುಡೆಯಲ್ಲಿ ಕಣ್ಣಿನ ಹಿಂದೆ ಇತರ ಸರೀಸೃಪಗಳಿಗಿರುವ ಕಿಂಡಿಗಳಿಲ್ಲದಿರುವುದರಿಂದ ಬಹುಕಾಲ ಅದನ್ನು ಎಲ್ಲಕ್ಕೂ ಪ್ರಾಚೀನವಾದ ಬೇರೆ ಶಾಖೆಯಲ್ಲಿಟ್ಟಿದ್ದರು. ಜೀವಕಣಗಳ ಪರೀಕ್ಷೆಯು ಬಂದ ಮೇಲೆ, ಕಿಂಡಿಗಳು ಮೊದಲಿದ್ದು ಆಮೇಲೆ ಮುಚ್ಚಿಹೋದುವೆಂದೂ, ಆಮೆಯು ಮೊಸಳೆ ಹಕ್ಕಿಗಳ ಕಡೆಯ ಬಂಧುವೆಂದೂ ತೋರಿಬಂದಿದೆ. ಇಲ್ಲದಿರುವಿಕೆಯನ್ನು ನೋಡಿ ತೀರ್ಪು ಕೊಡುವವರು ಅದು ಎಂದೂ ಇರಲಿಲ್ಲವೋ, ಇದ್ದು ಹೋಯಿತೋ ಎಂದು ಕೇಳಿಕೊಳ್ಳಬೇಕು.

ಹೆಸರಿನ ನ್ಯಾಯ

ಕುಲವು ನಿಶ್ಚಯವಾದ ಮೇಲೆ ಹೆಸರು. ಪ್ರಾಣಿಗಳ ನಾಮಕರಣಕ್ಕೆ ಅಂತರರಾಷ್ಟ್ರೀಯ ನಿಯಮಗಳಿವೆ. ಅದರ ಆದಿಯನ್ನು ಲಿನ್ನೇಯಸನ 1758ರ ಗ್ರಂಥದಿಂದ ಎಣಿಸುವರು. ಪ್ರತಿ ಹೆಸರಿಗೂ ಆಧಾರವಾದ ಒಂದು ಮಾದರಿಯಿರಬೇಕು. ಅದನ್ನು ಯಾರು ಬೇಕಾದರೂ ಬಂದು ಪರೀಕ್ಷಿಸುವಂತೆ ಕಾದಿಡಬೇಕು. ಒಂದೇ ಪ್ರಾಣಿಗೆ ಎರಡು ಹೆಸರಾದರೆ ಮೊದಲಿನದೇ ಊರ್ಜಿತ. ಎರಡು ಪ್ರಾಣಿಗಳಿಗೆ ಒಂದೇ ಹೆಸರಾದರೆ ಆಮೇಲೆ ಇಟ್ಟುದು ಬದಲಾಗಬೇಕು. ಮಾಲೇರಿಯ ಚಿಕ್ಕ ಡೈನೋಸಾರೊಂದಕ್ಕೆ 1987ರಲ್ಲಿ 'ವಾಕೇರಿಯಾ' ಎಂದು ಹೆಸರಿಟ್ಟಾಗ, ಕಡಲಿನ ಕ್ಷುದ್ರಜೀವಿಯೊಂದಕ್ಕೆ ಆ ಹೆಸರು ಅಷ್ಟರಲ್ಲಾಗಲೇ ಸಂದುಹೋಗಿದ್ದಿತು. ಆದುದರಿಂದ 1994ರಲ್ಲಿ ಅದು 'ಆಲ್ವಾಕೇರಿಯಾ' ಆಯಿತು. ಮುಂದೆ ಪರಿಶೀಲಿಸಿದಾಗ ಆ ಮಾದರಿಯಲ್ಲಿ ಬೇರೆ ಪ್ರಾಣಿಯ ಎಲುಬುಗಳೂ ಬೆರೆತಿವೆಯೆಂದು ಕಂಡುಬಂದಿತು.

ಈ ಬೆರಕೆಯ ಕಥೆ ಹೊಸದಲ್ಲ. 1828ರಲ್ಲಿ ಜಬಲ್ಪುರದ ಗುಡ್ಡವೊಂದರಲ್ಲಿ ಕ್ಯಾಪ್ಟನ್ ಸ್ಲೀಮನ್‌ಗೆ ಕೆಲವು ಎಲುಬುಗಳು ದೊರೆತುವು. ಡೈನೋಸಾರೆಂಬ ಹೆಸರೇ ಹುಟ್ಟುವುದಕ್ಕೆ 14 ವರ್ಷ ಮೊದಲು! ಆ ಸೀಮೆಯ ಬಾಲದ ಎಲುಬುಮಣಿಗಳಿಂದ 1877ರಲ್ಲಿ ಲಿಡೆಕ್ಕರನು 'ಟೈಟಾನೋಸಾರಸ್ ಇಂಡಿಕಸ್' ಎಂದು ಹೆಸರಿಟ್ಟನು. ಮಣಿಯ ಮುಂಭಾಗ ತಗ್ಗು, ಹಿಂಭಾಗ ಉಬ್ಬು ಎಂಬುದೇ ಅದರ ವಿಶೇಷ ಲಕ್ಷಣ. ಆದರೆ ಕಾಲಕ್ರಮದಲ್ಲಿ ಅದೇ ಲಕ್ಷಣವು ಹಲವು ದೇಶಗಳ ಹಲವು ಪ್ರಾಣಿಗಳಲ್ಲಿ ಕಾಣಿಸಿಕೊಂಡಿತು. ಒಬ್ಬನ ಗುರುತೆಂದು ತಿಳಿದುದು ಇಡೀ ಮನೆತನದ ಗುರುತಾಯಿತು. ಆದುದರಿಂದ 2003ರಲ್ಲಿ ವಿಲ್ಸನ್ ಮತ್ತು ಅಪ್‌ಚರ್ಚ್ ಎಂಬವರು ಆ ಹೆಸರನ್ನು ಸಂದಿಗ್ಧನಾಮವೆಂದು ಸಾರಿದರು. ಚಂದ್ರಪುರ ಜಿಲ್ಲೆಯ ಡೊಂಗರಗಾಂವಿನಲ್ಲಿ ಬಹುಮಟ್ಟಿಗೆ ಪೂರ್ಣವಾಗಿ ದೊರೆತ ಪ್ರಾಣಿಗೆ 'ಇಸಿಸಾರಸ್' ಎಂಬ ಹೊಸ ಹೆಸರು ಬಂದಿತು. ಕಳೆದುಹೋಗಿತ್ತೆಂದು ತಿಳಿದಿದ್ದ ಆ ಮೂಲ ಎಲುಬುಮಣಿಯು 2012ರಲ್ಲಿ ಕಲಕತ್ತೆಯ ಸಂಗ್ರಹದಲ್ಲಿಯೇ ಮತ್ತೆ ಕಣ್ಣಿಗೆ ಬಿದ್ದಿತು. ಅದೇ ಜಬಲ್ಪುರದ 'ಲ್ಯಾಮೆಟಾಸಾರಸ್' ಎಂಬುದನ್ನು 1920ರ ದಶಕದಲ್ಲಿ ಮ್ಯಾಟ್ಲಿಯು ಕವಚಧಾರಿ ಸಸ್ಯಾಹಾರಿಯೆಂದು ವರ್ಣಿಸಿದ್ದನು. 1935ರಲ್ಲಿ ಚಕ್ರವರ್ತಿಯವರು ಅದು ಮಾಂಸಾಹಾರಿಯೆಂದು ವಾದಿಸಿದರು. ಕಾಲೆಲುಬು ಒಂದು ಪ್ರಾಣಿಯದು, ಕವಚ ಇನ್ನೊಂದರದು, ಹಲ್ಲು ಮತ್ತೊಂದರದು ಎಂದು ಕೊನೆಗೆ ತಿಳಿಯಿತು.

ಸುಂದರವಾದ ಇನ್ನೊಂದು ಕಥೆಯಿದೆ. ಗುಜರಾತಿನ ಢೋಲಿ ಡುಂಗ್ರಿಯಲ್ಲಿ 1980ರ ದಶಕದಲ್ಲಿ ಧನಂಜಯ ಮೊಹಬೆಯವರಿಗೆ ಡೈನೋಸಾರಿನ ಮೊಟ್ಟೆಗಳೂ ಪಕ್ಕದಲ್ಲಿ ಸಣ್ಣ ಎಲುಬುಗಳೂ ಒಂದೇ ಕಲ್ಲಿನಲ್ಲಿ ದೊರೆತುವು. ಎಲ್ಲವೂ ಮರಿಯ ಎಲುಬುಗಳೆಂದೇ ಮೊದಲು ತಿಳಿದಿದ್ದರು. 2001ರಲ್ಲಿ ಜೆಫ್ರಿ ವಿಲ್ಸನ್ನನು ನೋಡಿದಾಗ ಎಲುಬುಮಣಿಗಳ ಕೀಲುಗಳು ಹಾವಿನವೆಂದು ಹೊಳೆಯಿತು. ಮರಿಯ ಎಲುಬುಗಳಿದ್ದುವು ನಿಜ. ಆದರೆ ಗೂಡಿಗೆ ಬಂದು ಮರಿಯನ್ನು ನುಂಗಲು ಸುರುಳಿಸುತ್ತಿದ್ದ ಮೂರೂವರೆ ಮೀಟರಿನ ಹಾವೂ ಅಲ್ಲಿಯೇ ಹೂತುಹೋಗಿದ್ದಿತು. 2010ರಲ್ಲಿ ಅದಕ್ಕೆ 'ಸನಾಜೆ ಇಂಡಿಕಸ್' ಎಂದು ಹೆಸರಾಯಿತು. ಕಚ್ಛದ ಲಿಗ್ನೈಟ್ ಗಣಿಯಲ್ಲಿ 2005ರಲ್ಲಿ ದೊರೆತ 27 ಎಲುಬುಮಣಿಗಳನ್ನು ಕೂಡ ಮೊದಲು ಮೊಸಳೆಯವೆಂದೇ ಭಾವಿಸಿದ್ದರು. 2024ರಲ್ಲಿ ಅದು 11ರಿಂದ 15 ಮೀಟರು ಉದ್ದವಿದ್ದಿರಬಹುದಾದ ಹಾವೆಂದು ಗೊತ್ತಾಗಿ 'ವಾಸುಕಿ ಇಂಡಿಕಸ್' ಎಂಬ ಹೆಸರನ್ನು ಪಡೆಯಿತು. ಸಂಗ್ರಹದಲ್ಲಿ ಎಲುಬು ಸುರಕ್ಷಿತವಾಗಿದ್ದುದರಿಂದ ತಾನೇ ಹೊಸ ಕಣ್ಣುಗಳು ಅದನ್ನು ನೋಡಲು ಸಾಧ್ಯವಾಯಿತು? ಸನಾಜೆಯು ಬಾಳಿತು, ಬೃಹತ್ಕಾಯವು ಅಳಿಯಿತು, ಅಂತರವೆಲ್ಲ ಕಾಪಾಡುವುದರಲ್ಲಿದೆ.

ನಮ್ಮ ಕರ್ತವ್ಯ

ಮಹಾಜನರೇ, ಕರ್ನಾಟಕವೂ ಒಂದು ಕಾಲದಲ್ಲಿ ಚದುರಿದ ಅಸ್ಥಿಪಂಜರವಾಗಿದ್ದಿತು. ಈ ಕಾರವಾರ ಸೀಮೆಯು ಮದರಾಸಿನಿಂದ 1862ರಲ್ಲಿ ಮುಂಬಯಿ ಪ್ರಾಂತಕ್ಕೆ ಹೋಯಿತು. ಮಂಗಳೂರು ಮದರಾಸಿನಲ್ಲಿಯೇ ಉಳಿಯಿತು. ಕಲಬುರ್ಗಿ ನಿಜಾಮರಲ್ಲಿ, ಮೈಸೂರು ಅರಸರಲ್ಲಿ, ಕೊಡಗು ಪ್ರತ್ಯೇಕವಾಗಿ. ಇವೆಲ್ಲ ಒಂದೇ ದೇಹದ ಎಲುಬುಗಳೆಂದು ಹಿರಿಯರು ಗುರುತಿಸಿದುದು ಯಾವುದರಿಂದ? ಒಂದೇ ಸರಕಾರದ ಅಡಿಯಲ್ಲಿದ್ದುವೆಂಬುದರಿಂದಲ್ಲ, ಬಳುವಳಿಯಾಗಿ ಬಂದ ನುಡಿಯಿಂದ. ಆ ಗುರುತು ಸತ್ಯವಾಗಿದ್ದುದರಿಂದಲೇ 1956ರ ನವೆಂಬರ್ 1ರಂದು ಪಂಜರವು ನಿಂತಿತು. ಎಲ್ಲ ಎಲುಬುಗಳೂ ಬಂದು ಸೇರಲಿಲ್ಲವೆಂಬುದನ್ನು ಕಾಸರಗೋಡು ನಮಗೆ ನೆನಪಿಸುತ್ತಿದೆ. ಆದರೆ ಲ್ಯಾಮೆಟಾಸಾರಸ್ಸಿನ ಪಾಠವನ್ನೂ ಮರೆಯಬಾರದು: ತನ್ನದನ್ನು ಬಿಟ್ಟ ಪಂಜರವು ಕುಂಟು, ತನ್ನದಲ್ಲದುದನ್ನು ಸೇರಿಸಿಕೊಂಡ ಪಂಜರವು ಸುಳ್ಳು. ಕುಲ ಬೇರೆಯಾದ ಕೊಂಕಣಿಯೂ ಕನ್ನಡವೂ ಈ ದಂಡೆಯಲ್ಲಿ ಒಂದೇ ಮನೆಯಲ್ಲಿ ಬಾಳುತ್ತಿರುವುದು, ಸಹಬಾಳ್ವೆಗೆ ಕುಲವೊಂದೇ ಆಧಾರವಲ್ಲವೆಂಬುದನ್ನೂ ನಮಗೆ ಕಲಿಸುತ್ತದೆ.

ನಾವು ಮಾಡಬೇಕಾದ ಕೆಲಸವೇನು? ಮೊದಲನೆಯದಾಗಿ, ಈ ವಿದ್ಯೆಯು ಕನ್ನಡದಲ್ಲಿ ಬರಬೇಕು. 1918ರಲ್ಲಿಯೇ ಬೆಳ್ಳಾವೆ ವೆಂಕಟನಾರಣಪ್ಪನವರು 'ವಿಜ್ಞಾನ' ಎಂಬ ಮಾಸಪತ್ರಿಕೆಯನ್ನು ನಡೆಯಿಸಿ ಮಾರ್ಗವನ್ನು ತೋರಿಸಿದರು; ಕಾರಂತರು 'ಬಾಲಪ್ರಪಂಚ'ದಿಂದ ಅದನ್ನು ಮಕ್ಕಳವರೆಗೆ ಒಯ್ದರು. ಬೃಹತ್ಕಾಯ, ಶೃಂಗ, ವಾಸುಕಿ ಎಂಬ ಹೆಸರುಗಳು ಜಗತ್ತಿನ ಶಾಸ್ತ್ರಗ್ರಂಥಗಳಲ್ಲಿ ಮೆರೆಯುತ್ತಿರುವಾಗ, ಕನ್ನಡದ ಮಗುವು ಅವುಗಳ ಕಥೆಯನ್ನು ಪರಭಾಷೆಯಿಂದ ಬೇಡಿ ತಿಳಿಯಬೇಕಾದುದೇಕೆ? ಎರಡನೆಯದಾಗಿ, ಗುರುಮಠಕಲ್ಲಿನಂತಹ ಪದರಗಳಿರುವ ಊರಿನವರು ಬಾವಿ ತೋಡುವಾಗ, ರಸ್ತೆಗೆ ಕಲ್ಲೊಡೆಯುವಾಗ ವಿಚಿತ್ರವಾದುದನ್ನು ಕಂಡರೆ, ಅದನ್ನು ಕೀಳದೆ, ಸ್ಥಳವನ್ನು ಗುರುತುಮಾಡಿ, ಹತ್ತಿರದ ಕಾಲೇಜಿನ ಭೂಗರ್ಭಶಾಸ್ತ್ರದ ಅಧ್ಯಾಪಕರಿಗೆ ತಿಳಿಸಬೇಕು. ಯಾವ ಪದರದಿಂದ ಬಂದುದೆಂದು ತಿಳಿಯದ ಎಲುಬು, ಊರು ಹೆಸರಿಲ್ಲದ ಶಾಸನದಂತೆ ಅರ್ಧ ಮೂಕವಾದುದು. ಮೂರನೆಯದಾಗಿ, ಇಲ್ಲದ ಹೆಮ್ಮೆಯನ್ನು ಕಟ್ಟಿಕೊಳ್ಳಬಾರದು. ಕಾರವಾರದ ಕಲ್ಲಿನಲ್ಲಿ ಡೈನೋಸಾರಿಲ್ಲವೆಂದು ನಾಚಬೇಕಾದುದೇನೂ ಇಲ್ಲ. ಎಲುಬುಳ್ಳ ಜೀವಿಯೇ ಹುಟ್ಟದಿದ್ದ ಕಾಲದ ಭೂಮಿಯನ್ನು ನಾವು ದಿನವೂ ತುಳಿಯುತ್ತಿದ್ದೇವೆ. ಅದರ ಸತ್ಯವೇ ಸಾಕಷ್ಟು ದೊಡ್ಡದು.

ಇಲ್ಲಿ ಕುಳಿತಿರುವ ಹುಡುಗ ಹುಡುಗಿಯರಲ್ಲಿ ಒಬ್ಬರಾದರೂ ಈ ವಿದ್ಯೆಯನ್ನು ಕಲಿತು, ಎಲುಬನ್ನು ಎಲುಬಿನ ಮಾತಿನಿಂದಲೇ ಓದಿ, ತಾವು ಓದಿದುದನ್ನು ಕನ್ನಡದಲ್ಲಿ ಬರೆಯುವಂತಾದರೆ ಈ ಸಭೆಯು ಸಾರ್ಥಕವಾಯಿತೆಂದು ತಿಳಿಯುವೆವು. 

ಸಿರಿಗನ್ನಡಂ ಗೆಲ್ಗೆ!